ಗಡಿಯಾರದವನು ಆರಿಸಿದ ಸೂಕ್ಷ್ಮದರ್ಶಕ

“ಅತ್ತಿಗೆ, ಆಯುಷ್ಯವೆಲ್ಲ ಒಂದು ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡು ಗಡಿಯಾರದ ಚಕ್ರ ತಿರುಗೋದನ್ನೇ ನೋಡಿದೀನಿ. ಅದಕ್ಕೆ ಕೀ ಕೊಟ್ಟವನೂ ನಾನೇ, ಎಣ್ಣೆ ಬಿಟ್ಟವನೂ ನಾನೇ. ಈಗ ರಿಪೇರಿಗೆ ಯಾರು ತರ್ತಾರೆ? ಬೆಳಗಾದ್ರೆ ಈ ಕಣ್ಣನ್ನ ಎಲ್ಲಿಡೋದು ಅಂತ ಗೊತ್ತಾಗಲ್ಲ. ಯಾರೂ ಕೀ ಕೊಡದೆ ತಾನಾಗೇ ಓಡಾಡೋ ಸಣ್ಣದೇನಾದ್ರೂ ನೋಡ್ಬೇಕು. ಕೊಳದ ನೀರಲ್ಲಿ ಇರ್ತಾವಂತೆ. ಇದೂ ಕೈಗೆ ಹತ್ತಲಿಲ್ಲ ಅಂದ್ರೆ ಗೋಡೆ ನೋಡ್ಕೊಂಡು ಕೂತ್ಬಿಡ್ತೀನಿ, ಅಷ್ಟೇ.”

ಅಂಗಡಿ ಮುಚ್ಚಿದಾಗಿನಿಂದ ಬೇಕು, ಬೇಡ ಎಂದಷ್ಟೇ ಹೇಳುತ್ತಿದ್ದ ನನ್ನ ಮೈದುನ ಇಷ್ಟು ಮಾತಾಡಿದ್ದೇ ದೊಡ್ಡದು. ಸೂಕ್ಷ್ಮದರ್ಶಕ ಕೊಳ್ಳಲು ನಾನೂ ಜೊತೆಗೆ ಹೊರಟೆ.

ಹಳೆಯ ಉಪಕರಣ ಮಾರುವವರ ಮೇಜಿನ ಮೇಲೆ ಎರಡು ಸೂಕ್ಷ್ಮದರ್ಶಕಗಳಿದ್ದವು. ಒಂದಕ್ಕೆ ತಳದಲ್ಲಿ ದಪ್ಪ ಬಲ್ಬು. ವಸ್ತು ತುಂಬ ದೊಡ್ಡದಾಗಿ ಕಾಣುತ್ತದಂತೆ. ಇನ್ನೊಂದಕ್ಕೆ ಕಿಟಕಿಯ ಬೆಳಕು ಹಿಡಿಯುವ ಪುಟ್ಟ ಕನ್ನಡಿ ಮಾತ್ರ. ಅಂಗಡಿಯವರು ಬಣ್ಣ ಹಚ್ಚಿಟ್ಟ ನೊಣದ ಕಾಲು ತೋರಿಸಹೋದರು.

“ಸತ್ತಿದ್ದು ಬೇಡ,” ಎಂದು ಮೈದುನ ಚೀಲದಿಂದ ಸೀಸೆ ತೆಗೆದ.

“ಭಲೇ, ಕೊಳಾನೇ ಹೊತ್ಕೊಂಡು ಬಂದಿದೀರಲ್ಲ,” ಎಂದು ಅವರು ನಕ್ಕರು.

ಬಲ್ಬಿನದರ ಮಸೂರದ ಕೆಳಗೆ, ಗಾಜಿನ ಪಟ್ಟಿಯ ಮೇಲೆ ಹನಿ ಇಟ್ಟು ಬಗ್ಗಿದ. ಗಡಿಯಾರ ಬಿಚ್ಚುವಾಗಿನ ಅಭ್ಯಾಸ, ಬೆಳಕನ್ನು ಪೂರ್ತಿ ಏರಿಸಿದ.

“ಚಪ್ಪಲಿ ಆಕಾರದ್ದು ಒಂದಿದೆ ಅತ್ತಿಗೆ. ಮೈ ಸುತ್ತ ಕೂದಲು. ಸರಕ್ಕಂತ ತಿರುಗ್ತು ನೋಡಿ.” ಅವನ ದನಿಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಆಮೇಲೆ, “ನಿಂತೋಯ್ತು,” ಎಂದ. ಜೇಬಿನಿಂದ ಚಿಮಟ ತೆಗೆದು, ನಿಂತ ಗಡಿಯಾರವನ್ನು ತಟ್ಟುವ ಹಾಗೆ, ಗಾಜಿನ ಅಂಚಿಗೆ ಮೆಲ್ಲಗೆ ತಟ್ಟಿದ. ಮತ್ತೆ ತಟ್ಟಿದ.

“ಏನ್ ಮಾಡ್ತಿದೀರಿ?” ಅಂಗಡಿಯವರು ಕೇಳಿದರು.

“ಒಂಚೂರು ತಟ್ಟಿದ್ರೆ ಹೊರಡತ್ತೆ.”

“ಬಲ್ಬಿನ ಶಾಖಕ್ಕೆ ಬೆಂದುಹೋಯ್ತು ಸ್ವಾಮಿ. ಇನ್ನೆಲ್ಲಿ ಹೊರಡೋದು?”

ನಾನೂ ಕಣ್ಣಿಟ್ಟೆ. ಅದು ಒಡೆದು, ಒಳಗಿದ್ದದ್ದೆಲ್ಲ ರವೆಯಂತೆ ಚೆಲ್ಲಿತ್ತು. ಇಷ್ಟು ಚಿಕ್ಕದಕ್ಕೂ ಸಾವಿದೆ ಎಂದು ನಾನು ಅಂದುಕೊಂಡಿರಲಿಲ್ಲ. ಮೈದುನ ಚಿಮಟ ಹಿಡಿದೇ ಬಲ್ಬು ಆರಿಸಿದ.

“ನಿಂತದ್ದನ್ನ ನಡೆಸೋದೊಂದೇ ನಂಗೆ ಗೊತ್ತಿರೋದು,” ಎಂದ. ಬಾಗಿಲ ಕಡೆ ತಿರುಗಿದ.

“ಸೀಸೇಲಿ ಇನ್ನೂ ನೀರಿದೆ ಕಣೋ,” ಎಂದೆ ನಾನು.

ಅವನು ಮೇಜಿನ ಬಳಿ ಹಿಂತಿರುಗಿದ. ಚಿಮಟವನ್ನು ನನ್ನ ಕೈಗೆ ಕೊಟ್ಟು, ಕನ್ನಡಿಯದನ್ನು ಕಿಟಕಿಗೆ ಎಳೆದುಕೊಂಡು, ಹೊಸ ಹನಿ ಇಟ್ಟ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನೋಡಿದ.

“ಅದ್ರಲ್ಲಿ ಬೆಳಕು ಸಾಲದು, ಚಿಕ್ಕದಾಗೂ ಕಾಣತ್ತೆ,” ಎಂದರು ಅಂಗಡಿಯವರು.

“ಅವಕ್ಕೆ ಇಷ್ಟು ಸಾಕು,” ಎಂದ. ಅದನ್ನೇ ಕೊಂಡ.

ಉಳಿದ ನೀರನ್ನು ದಾರಿಯಲ್ಲಿ ಕೊಳಕ್ಕೇ ಸುರಿದು ಬಂದೆವು. ಮನೆಯಲ್ಲಿ ಅವನು ಸೂಕ್ಷ್ಮದರ್ಶಕವನ್ನು ಕಿಟಕಿಯ ಬಳಿ ಇಟ್ಟ. ಸಂಜೆ, ಎಂದಿನಂತೆ, ಸ್ಟೂಲು ಹತ್ತಿ ಗೋಡೆ ಗಡಿಯಾರಕ್ಕೆ ಕೀ ಕೊಟ್ಟ. ನಾನು ಸ್ಟೂಲು ಹಿಡಿದುಕೊಂಡಿದ್ದೆ.