ಹಿತ್ತಾಳೆಯೊಳಗೆ ಮುರಿದ ಟ್ಯಾಪು

ನಮ್ಮಪ್ಪನ ವರ್ಕ್‌ಶಾಪಿನಲ್ಲಿ ಒಂದು ಕಟ್ಟಳೆಯಿತ್ತು: ಟ್ಯಾಪು ಮುರಿದವರು ಲೋಹವನ್ನು ಬಿಗಿದು ಹಿಡಿಯುವ ವೈಸ್ ಬಿಟ್ಟುಕೊಡಬೇಕು, ಚೂರನ್ನು ಬೇರೆಯವರು ತೆಗೆಯಬೇಕು. ಟ್ಯಾಪು ಅಂದರೆ ನೀರಿನ ನಲ್ಲಿಯಲ್ಲ; ಲೋಹದ ತೂತಿನೊಳಗೆ ಬೋಲ್ಟು ಕೂರಲು ಸುರುಳಿ ಗೀರಿನ ಥ್ರೆಡ್ ಕೊರೆಯುವ ಉಕ್ಕಿನ ಕಡ್ಡಿ. ತುಸು ಓರೆಯಾದರೂ ಪಟ್ಟನೆ ಮುರಿಯುತ್ತದೆ. ಟ್ಯಾಪು ಮುರಿದವರ ಕೈಯಲ್ಲಿ ಸಿಟ್ಟಿರುತ್ತದೆ, ಆ ಕೈ ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ ಅನ್ನುವುದು ಅಪ್ಪನ ವಾದ. ಅಣ್ಣ ಎಷ್ಟೋ ಸಲ ಮುರಿದಿದ್ದಾನೆ, ಚಹಾ ಕುಡಿದು ಬಂದು ಮತ್ತೆ ಅಲ್ಲೇ ನಿಂತಿದ್ದಾನೆ. ಅವನು ಮುರಿದರೆ ಟ್ಯಾಪು ಕಳಪೆ. ಅತ್ತಿಗೆ ಮುರಿದರೆ ಕೈ ಕಳಪೆ. ಮಗಳಾದ ನನ್ನ ಕೈಗಂತೂ ಅಪ್ಪ ಟ್ಯಾಪು ಕೊಟ್ಟವರೇ ಅಲ್ಲ. ಈ ನ್ಯಾಯ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತಿಗೆ ಬಂದ ಹೊಸತರಲ್ಲಿ ಅವಳ ಪಾಲಿಗಿದ್ದದ್ದು ಕಸಬರಿಗೆ, ಪ್ಯಾಕಿಂಗ್. ಕಾಡಿ ಕಾಡಿ ವೈಸ್ ಹಿಡಿದವಳು. ಒಂದು ಬೆಳಿಗ್ಗೆ ಪಂಪಿನ ಹಿತ್ತಾಳೆ ಬಾಡಿಯ ಕೊನೆಯ ತೂತಿನಲ್ಲಿ ಅವಳ ಟ್ಯಾಪು ಮುರಿಯಿತು. ಇನ್ನು ಮೇಲೆ ಪ್ಯಾಕಿಂಗ್ ನೋಡಿಕೋ ಅಂದರು ಅಪ್ಪ. ಈಗ ಬಿಟ್ಟರೆ ವೈಸ್ ಮತ್ತೆ ಸಿಗುವುದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

"ನಾನು ಮುರಿದಿದ್ದು ಮಾವ, ನಾನೇ ತೆಗೀತೀನಿ," ಅಂದಳು.

ಚೂರು ತೂತಿನ ಒಳಗೇ ಕೂತಿತ್ತು, ಇಕ್ಕಳಕ್ಕೆ ಹಿಡಿತವಿಲ್ಲ. ಡ್ರಿಲ್ ಹಾಕಿದರೆ ಡ್ರಿಲ್ಲೇ ಸವೆಯುತ್ತದೆ. ಅತ್ತಿಗೆ ಕ್ಷೌರದಂಗಡಿಯಿಂದ ಪಟಿಕ ತರಿಸಿ, ಹಳೆ ಪಾತ್ರೆಯ ನೀರಿನಲ್ಲಿ ಕರಗಿಸಿ, ಬಾಡಿಯನ್ನು ಮುಳುಗಿಸಿ, ವೈಸ್ ಪಕ್ಕದಲ್ಲೇ ಸ್ಟೌ ಹಚ್ಚಿದಳು. ಬಿಸಿ ಪಟಿಕದ ನೀರು ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತಂಟೆಗೆ ಹೋಗುವುದಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವಳ ತಂದೆಯ ಉಪಾಯವಂತೆ. ಅಡುಗೆಮನೆ ಇಲ್ಲಿಗೂ ಬಂತಲ್ಲ ಅಂತ ಅಣ್ಣ ಚುಚ್ಚಿದ. ನಿಮಗೇನೂ ಬಡಿಸೋದಿಲ್ಲ ಬಿಡಿ ಅಂದಳು. ಊಟವನ್ನೂ ಅಲ್ಲೇ ನಿಂತು ಮಾಡಿದಳು.

ಚೂರಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತಲೇ ಇದ್ದವು. ಸಂಜೆಯ ಹೊತ್ತಿಗೆ ಅದು ಕರ್ರಗಾಗಿ, ಮೊಳೆ ತುದಿ ತಾಗಿಸಿದರೆ ಪುಡಿಪುಡಿಯಾಗಿ ಉದುರಿತು. ಅಪ್ಪ ಬಾಡಿಯನ್ನು ಕಿಟಕಿಗೆ ಹಿಡಿದು ನೋಡಿದರು. ಕೊರೆದಷ್ಟು ಥ್ರೆಡ್ ಹಾಗೇ ಇತ್ತು.

"ಭೇಷ್. ಉಳಿದದ್ದು ಅವನು ಮುಗಿಸಲಿ," ಅಂದರು.

ನನಗೆ ಅಳು ಬಂತು. ಅಣ್ಣ ಕೈ ಚಾಚಿದ. ಅತ್ತಿಗೆ ಆಗಲೇ ಹೊಸ ಟ್ಯಾಪನ್ನು ಹ್ಯಾಂಡಲಿಗೆ ಸಿಕ್ಕಿಸಿದ್ದಳು.

"ಕೈ ತೆಗೀರಿ," ಅಂದಳು ಅಣ್ಣನಿಗೆ. ಆಮೇಲೆ ಅಪ್ಪನಿಗೆ: "ಇದೂ ಮುರಿದ್ರೆ ಇದನ್ನೂ ತೆಗೀತೀನಿ ಮಾವ. ಜಾಗ ಮಾತ್ರ ಬಿಡೋದಿಲ್ಲ."

ಯಾರ ಒಪ್ಪಿಗೆಗೂ ಕಾಯದೆ ಬಾಡಿಯನ್ನು ವೈಸಿಗೆ ಬಿಗಿದು, ಅದೇ ತೂತಿಗೆ ಟ್ಯಾಪು ಇಳಿಸಿದಳು.