ಶ್ರಾವಣದ ಮೂರನೆಯ ದಿನ

ಮೊದಲು ನಡುಗಿದ್ದು ಬಸಿಯಲ್ಲಿದ್ದ ಚಹಾ. ನಮ್ಮ ಮನೆಯವರು ಬಸಿಯನ್ನು ಎರಡೂ ಕೈಯಿಂದ ಹಿಡಿದು ನೋಡಿದರು. ಆದರೂ ಅಂಗಿಯ ಮೇಲೆ ಚೆಲ್ಲಿತು.

"ಶ್ರಾವಣ ಹಿಡದಾನಲ್ಲ, ಎರಡ ದಿನ ಹಿಂಗೇ ಇರ್ತದ," ಎಂದರು ಅತ್ತೆ.

ಪ್ರತಿವರ್ಷ ಹೀಗೇ ಆಗುತ್ತಿತ್ತು. ಹನ್ನೊಂದು ತಿಂಗಳು ಕುಡಿಯುವ ಎಷ್ಟೋ ಗಂಡಸರು ಶ್ರಾವಣದಲ್ಲಿ ಬಾಟಲಿ ಮುಟ್ಟುವುದಿಲ್ಲ. ನಮ್ಮವರೂ ಅಷ್ಟೇ. ಎರಡು ದಿನ ಬೆವರು, ನಡುಕ. ಮೂರನೆಯ ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಮಲಾಪುರದಿಂದ ಕಲಬುರಗಿಯ ಬಸ್ಸು ಹತ್ತುತ್ತಿದ್ದರು. ನೆಹರು ಗಂಜ್ ಮಾರುಕಟ್ಟೆಯಲ್ಲಿ ದಲ್ಲಾಳಿಯೊಬ್ಬರ ಅಡತ್ ಅಂಗಡಿಯಲ್ಲಿ ತೊಗರಿ ನೋಡುವುದು ಅವರ ಕೆಲಸ. ಚೀಲದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಮಾಲು ಎಂಥದ್ದೆಂದು ಹೇಳಬೇಕು. ನಮ್ಮ ಅನ್ನ ಆ ಕೈಯಲ್ಲಿದೆ.

ಈ ಸಲ ನಾನು ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಶ್ರಾವಣ ಮುಗಿದ ಮೇಲೂ ಕುಡಿಯಬಾರದೆಂದು ಒಂಬತ್ತು ವರ್ಷದ ಮಗಳು ಅಂಕಿತಾಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದೆ. ಮನೆಯಲ್ಲಿದ್ದದ್ದನ್ನೆಲ್ಲ ನಾನೇ ಬಚ್ಚಲಿಗೆ ಸುರಿದಿದ್ದೆ. ಸುರಿಯುವಾಗ ಬಹಳ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಬಸಿ ಬಿತ್ತು. ಹಿಂದೆಯೇ ಅವರೂ ಬಿದ್ದರು.

ಹಲ್ಲು ಕಚ್ಚಿತ್ತು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ಅತ್ತೆ ಕಬ್ಬಿಣದ ಕೀಲಿ ತಂದು ಅಂಗೈಗೆ ಒತ್ತಿದರು. ಅಂಕಿತಾ ಬಾಗಿಲ ಬಳಿ ನಿಂತು ತನ್ನ ತಲೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಐಸಿಯುಗೆ ಹಾಕಿದರು. ಮರುದಿನ ಅವರಿಗೆ ನನ್ನ ಗುರುತು ಸಿಗಲಿಲ್ಲ. ಬೆಡ್‌ಶೀಟಿನ ಮೇಲೆ ಇಲ್ಲದ ಕಾಳು ಆರಿಸುತ್ತಿದ್ದರು.

"ಇದ್ರಾಗ ಹರಳ ಭಾಳ ಅವ. ಈ ಮಾಲ ತಗೋಬ್ಯಾಡ್ರಿ ಸಾವ್ಕಾರ್ರ," ಎಂದರು ನನಗೆ. ಹದಿಮೂರು ವರ್ಷದ ಸಂಸಾರದಲ್ಲಿ ಅವರು ನನಗೆ ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. "ಫಿಟ್ಸ್ ಕುಡಿದಿದ್ದಕ್ಕ ಬಂದಿಲ್ಲರಿ. ಒಮ್ಮೆಲೇ ಬಿಟ್ಟಿದ್ದಕ್ಕ ಬಂದದ."

ಬಚ್ಚಲಿಗೆ ಸುರಿದವಳು ನಾನು.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮದ್ಯ ದಿನಾ ಮೆದುಳನ್ನು ಮಂಕು ಮಾಡುತ್ತದೆ. ಎಚ್ಚರವಾಗಿರಲು ಮೆದುಳು ತನ್ನ ಶಾಂತಗೊಳಿಸುವ ಸಂಕೇತಗಳನ್ನು ತಗ್ಗಿಸಿ, ಕೆರಳಿಸುವ ಸಂಕೇತಗಳನ್ನು ಏರಿಸಿಕೊಳ್ಳುತ್ತದೆ. ಬಾಗಿಲನ್ನು ಹೊರಗಿನಿಂದ ಒಬ್ಬ ತಳ್ಳುತ್ತಿದ್ದರೆ ಒಳಗಿನವನೂ ಅಷ್ಟೇ ಜೋರಾಗಿ ತಳ್ಳುತ್ತಾನೆ. ಹೊರಗಿನವನು ಒಮ್ಮೆಲೇ ಸರಿದರೆ ಒಳಗಿನವನು ಬೋರಲು ಬೀಳುತ್ತಾನೆ. ಇವರಿಗೆ ಆದದ್ದು ಅದೇ.

"ವರ್ಷಾ ವರ್ಷಾ ಶ್ರಾವಣದಾಗ ಬಿಡ್ತಿದ್ರು ಅಂದ್ರಲ್ಲ, ಅದೂ ಇದಕ್ಕ ಕೂಡ್ಯಾದ," ಎಂದರು. "ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಮೆದುಳು ಮುಂದಿನ ಸಲ ಜಾಸ್ತಿ ಕೆರಳ್ತದ. ದವಾಖಾನಿಗಿ ಬಂದು, ಗುಳಿಗಿ ತಗೊಂಡು ಬಿಡಬೇಕಾಗಿತ್ತು."

ನಾವು ಪುಣ್ಯವೆಂದುಕೊಂಡಿದ್ದ ತಿಂಗಳು ಅದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಲೊರಾಜೆಪಾಮ್, ಥಯಮಿನ್ ಇಂಜೆಕ್ಷನ್, ಸಲೈನ್. ಐದನೆಯ ದಿನ ನನ್ನ ಹೆಸರು ಹಿಡಿದು ಕರೆದರು. ಆಗ ಅತ್ತೆ ಅತ್ತರು. ಆಮೇಲೆ ನಾನೂ ಅತ್ತೆ.

ಡಿಸ್ಚಾರ್ಜ್ ದಿನ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ನಡುಕ ಕಡಿಮೆಯಾದರೂ ಮೆದುಳಿನ ಒತ್ತಡದ ಗಂಟೆ ತಿಂಗಳುಗಟ್ಟಲೆ ಸುಮ್ಮನೆ ಬಡಿದುಕೊಳ್ಳುತ್ತಿರುತ್ತದಂತೆ. ಕಾರಣವಿಲ್ಲದೆ ಸಿಟ್ಟು, ಅಂಜಿಕೆ, ನಿದ್ದೆಗೇಡು. ಒಂದು ಗುಟುಕು ಕುಡಿದರೆ ನಿಲ್ಲುತ್ತದೆ ಎಂದು ಮೆದುಳಿಗೆ ಗೊತ್ತು. "ಆಣಿ ಹಾಕಿಸಬ್ಯಾಡ್ರಿ. ತಪ್ಪಿದ್ರ ಮುಚ್ಚಿಡ್ತಾರ. ಕುಡೀಬೇಕಂತ ಆಸಿ ಆದಾಗ ಬಂದು ಹೇಳಲಿಕ್ಕ ಮನ್ಯಾಗ ಒಬ್ಬರು ಬೇಕು."

ಮನೆಗೆ ಬಂದು ಮಗಳ ಮುಂದೆಯೇ, "ಆಣಿ ವಾಪಸ್ ತಗೊಂಡೀನ್ರಿ," ಎಂದೆ.

"ಅದೇನ ಅಂಗಡಿ ಸಾಮಾನೇನ?" ಎಂದು ಅತ್ತೆ ಗೊಣಗಿದರು.

ಅಂಕಿತಾ ಕೇಳಿದಳು: "ಹಂಗಾದ್ರ ಪಪ್ಪಾ ಕುಡದ್ರೂ ನನಗೇನೂ ಆಗಂಗಿಲ್ಲಲ್ಲ?"

ನಮ್ಮವರು ಗೋಡೆಯ ಕಡೆ ತಿರುಗಿದರು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಶ್ರಾವಣ ಕಳೆದ ಮರುದಿನ ಅವರು ಗಂಜಿಗೆ ಹೋದರು. ಕೈ ಇನ್ನೂ ಸ್ವಲ್ಪ ನಡುಗುವುದರಿಂದ ಸಾವ್ಕಾರರು ತೊಗರಿ ನೋಡಲು ಬಿಟ್ಟಿಲ್ಲ, ಚೀಲಗಳಿಗೆ ಚೀಟಿ ಕಟ್ಟಲು ಕೂರಿಸಿದ್ದಾರೆ. ಪ್ರತಿವರ್ಷ ಆ ದಿನ ಗೆಳೆಯರೆಲ್ಲ ಸೇರಿ ತಿಂಗಳ ಬಾಕಿಯನ್ನು ಒಂದೇ ಸಂಜೆಗೆ ಕುಡಿದು ತೀರಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಬಸ್ಸಿನ ಹೊತ್ತು ನೋಡುತ್ತಿದ್ದೆ.

ದಿನಕ್ಕಿಂತ ಒಂದು ಬಸ್ಸು ಮೊದಲೇ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕುಳಿತರು.

"ಇವತ್ತ ಭಾಳ ಆಸಿ ಆಗ್ಯಾದ," ಎಂದರು.

ಆರಿಸುತ್ತಿದ್ದ ಬೇಳೆಯ ಮೊರವನ್ನು ಅವರ ಮುಂದೆ ಸರಿಸಿದೆ. ಅವರು ಹರಳು ತೆಗೆಯತೊಡಗಿದರು. ಈ ಸಲ ಕಾಳೂ ನಿಜ, ಹರಳೂ ನಿಜ. ಮಜ್ಜಿಗೆ ಕೊಡುವ ನೆಪದಲ್ಲಿ ಬಾಗಿ ಅವರ ಬಾಯಿಯ ಹತ್ತಿರ ಹೋದೆ. ಅದೂ ಅವರಿಗೆ ತಿಳಿಯಿತು, ಮುಖ ಸರಿಸಲಿಲ್ಲ.

ತೊಗರಿ ಧೂಳಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.