ಉತ್ತರಕ್ಕೆ ಕಾಯುತ್ತಿದ್ದ ಅಕ್ಕ

ನಮ್ಮಕ್ಕನ ಪಾಠದ ಗುಟ್ಟು ಒಂದೇ: ಪ್ರಶ್ನೆ ಕೇಳಿದ ಮೇಲೆ ಬಾಯಿಗೆ ಬೀಗ. ಎಲ್ಲರಿಗಿಂತ ನಿಧಾನದ ಮಗುವೂ ತಲೆಯೆತ್ತುವವರೆಗೆ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. ಮನೆಯಲ್ಲಿ ಮಾತ್ರ ಬಾಯಿಬಡಕಿ. ಆ ಮೌನವನ್ನೆಲ್ಲ ನಮ್ಮ ಮೇಲೆ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದಳು. ಹೊಸ ಶಿಕ್ಷಕರಿಗೆ ತರಬೇತಿ ಕೊಡುವ ಕಾಲೇಜಿಗೆ ಹೋದ ಮೇಲೂ ಅವಳು ಕಲಿಸಿದ್ದು ಅದನ್ನೇ. "ಆತುರ ಪಡ್ಬೇಡ್ರಪ್ಪಾ, ಮಗು ಯೋಚ್ನೆ ಮಾಡ್ತಿದೆ."

ಆಮೇಲೆ ತರಬೇತಿಯನ್ನು ಒಂದು ಕಂಪನಿಗೆ ವಹಿಸಿದರು. ಕಾಲೇಜಿಗೆ ಹೊಸ ಬಣ್ಣ, ಹೊಸ ಕುರ್ಚಿ ಬಂದವು. ಶಿಕ್ಷಕರು ಆಡಬೇಕಾದ ಮಾತನ್ನೆಲ್ಲ ಕಂಪನಿಯೇ ಬರೆದು ಟ್ಯಾಬ್‌ನಲ್ಲಿ ಕೊಡುತ್ತಿತ್ತು. ಗೋಡೆಯ ಕ್ಯಾಮೆರಾ ಪಾಠ ನೋಡಿ ಅಂಕ ಹಾಕುತ್ತಿತ್ತು. ಅಕ್ಕನನ್ನು ಹೆಸರಿಗೆ ಮಾರ್ಗದರ್ಶಕಿ ಅಂತ ಉಳಿಸಿಕೊಂಡರು.

ಅದೇ ವರ್ಷ ನನ್ನ ಮಗಳು ಅಲ್ಲಿ ಸೇರಿದಳು. ನನ್ನ ಗಂಡ ಹೋದ ಮೇಲೆ ಮನೆಗೆ ಅವಳ ಕೆಲಸವೇ ದಿಕ್ಕು. ಕೊನೆಯ ಪರೀಕ್ಷಾ ಪಾಠದಲ್ಲಿ ಪಾಸಾದರೆ ಮಾತ್ರ ಶಾಲೆ ಸಿಗುತ್ತಿತ್ತು. ಅವಳು ಶಾಲೆಯ ಮಕ್ಕಳಿಗೆ ಭಾಗಾಕಾರ ಹೇಳಿಕೊಟ್ಟು, ಪ್ರಶ್ನೆ ಕೇಳಿ, ದೊಡ್ಡಮ್ಮನ ಹಾಗೆಯೇ ಸುಮ್ಮನೆ ನಿಂತಳು. ಮೂಲೆಯ ಹುಡುಗಿಯೊಬ್ಬಳು ಬೆರಳು ಮಡಿಸಿ ಎಣಿಸಿ ಸರಿಯಾದ ಉತ್ತರ ಹೇಳಿದಳು. ಕ್ಯಾಮೆರಾ ಆ ಹೊತ್ತನ್ನೆಲ್ಲ 'ಪಾಠ ನಡೆದಿಲ್ಲ' ಎಂದು ಲೆಕ್ಕಕ್ಕೆ ಹಿಡಿಯಿತು. ಮಗಳು ಫೇಲಾದಳು.

ನಾನೂ ಅಕ್ಕನೂ ಕೇಳಲು ಹೋದೆವು. ಕಂಪನಿಯ ಮ್ಯಾನೇಜರ್ ಬೆಣ್ಣೆಯಂಥ ಮಾತಿನವನು. "ನಿಮ್ಮ ವಿಧಾನ ತಪ್ಪು ಅಂತಿಲ್ಲ ಮೇಡಂ. ಎಲ್ಲಾ ಶಾಲೆಗೂ ಒಂದೇ ಅಳತೆ, ಅಷ್ಟೇ. ಇನ್ನೊಂದು ಸಲ ಅವಕಾಶ ಕೊಡ್ತೀವಿ." ನನಗೆ ಮೈಯೆಲ್ಲ ಉರಿಯಿತು. ಅಕ್ಕ ಮರುಪರೀಕ್ಷೆಯ ದಿನ ಕೇಳಿ ಬರೆದುಕೊಂಡಳು.

ಆ ಭಾನುವಾರ ಅವಳು ನಮ್ಮ ಮನೆಗೆ ಬಂದು, ಅಡುಗೆಮನೆಯ ಕಟ್ಟೆಗೆ ಟ್ಯಾಬ್ ಒರಗಿಸಿ, ನನ್ನನ್ನೂ ಪಾತ್ರೆಗಳನ್ನೂ ಶಾಲೆಯ ಮಕ್ಕಳನ್ನಾಗಿ ಮಾಡಿ, ಮಗಳಿಗೆ ಅಭ್ಯಾಸ ಮಾಡಿಸಿದಳು. ಮಗಳು ಪ್ರಶ್ನೆ ಕೇಳಿ ನಿಂತಾಗಲೆಲ್ಲ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು.

"ನಿಲ್ಬೇಡ ಪುಟ್ಟಾ. ಉತ್ತರ ನೀನೇ ಹೇಳ್ಬಿಡು. ಮುಂದಕ್ಕೆ ಹೋಗು."

ಜೀವಮಾನವಿಡೀ ಕಲಿಸಿದ್ದನ್ನು ತನ್ನ ಕೈಯಾರೆ ಕಿತ್ತುಹಾಕುತ್ತಿದ್ದಳು. ನಾನೂ ಮನೆಯ ಖರ್ಚು ನೆನೆದು, ಅವಳು ಹೇಳಿದಂತೆ ಮಗುವಾಗಿ ಕೂತೆ.

ಮಗಳು ಪಾಸಾದಳು, ಕೆಲಸವೂ ಸಿಕ್ಕಿತು. ಕೆಲವು ವಾರಗಳಾದ ಮೇಲೆ ಅಕ್ಕ ಅವಳ ಪಾಠ ನೋಡಲು ಶಾಲೆಗೆ ಹೋದಳು. ಅಲ್ಲಿಂದ ನೇರ ನಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುಸಿದು ಕೂತಳು.

"ಹೇಗೆ ಪಾಠ ಮಾಡಿದ್ಲಕ್ಕಾ?" ಎಂದೆ.

"ಒಂದೂ ತಪ್ಪಿಲ್ಲ." ಅಂದಳು. "ನನ್ ಪಕ್ಕ ಕೂತಿದ್ದ ಮಗು ಕೈಯೆತ್ತೋಕೆ ಹೊರಟಿತ್ತು ಕಣೇ. ಅಷ್ಟ್ರಲ್ಲಿ ಇವ್ಳು ಉತ್ತರ ಹೇಳಿ ಮುಂದಕ್ಕೆ ಹೋದ್ಲು. ಪಾಪ, ಆ ಮಗು ಮತ್ತೆ ಕೈಯೆತ್ತಲೇ ಇಲ್ಲ."

"ಅವಳಿಗೆ ನಾನು ಹೇಳ್ತೀನಿ ಬಿಡಕ್ಕಾ."

"ಅವ್ಳಿಗೇನ್ ಹೇಳ್ತೀಯ?" ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಕಲಿಸ್ದೋಳು ನಾನು."